ಫ್ರೀಜರ್ ಕೂಲ್ ಆಗುತ್ತಿಲ್ಲ, ಗೊತ್ತಿದ್ದವರು ಹೇಳ್ರೀ

ಗುಮ್ಮಟದೂರು (ವಿಜಯಪುರ):
ಫ್ರೀಜರ್ ಕೂಲ್ ಆಗುತ್ತಿಲ್ಲ. ಐಸ್ ಟ್ರೇಯಲ್ಲಿ ನೀರು ನೀರಾಗಿಯೇ ಇದೆ. ಬೆಳಿಗ್ಗೆ ಇಟ್ಟ ಹಾಲು ಸಂಜೆಗೆ ಒಡೆಯುತ್ತದೆ. ಮೆಕ್ಯಾನಿಕ್ ಬಂದ, ಏನೂ ಬಿಚ್ಚಲಿಲ್ಲ, ‘ಗ್ಯಾಸ್ ಹೋಗಿದೆ’ ಅಂದ, ಚಹಾ ಕುಡಿದು ಹೋದ. ನಾಬ್ ಫುಲ್ ಇಟ್ಟಿದ್ದೇನೆ. ಹೊರಗೆ 41 ಡಿಗ್ರಿ ಬಿಸಿಲು, ಮನೆಯಲ್ಲಿ ತಣ್ಣೀರಿಗೂ ಗತಿ ಇಲ್ಲ. ಏನು ಮಾಡಲಿ?

ನವನಗರ ವೈರಿಂಗ್ (ಬಾಗಲಕೋಟೆ):
ಗ್ಯಾಸೇ. ಅನುಮಾನವೇ ಬೇಡ. ಕಂಪ್ರೆಸರ್ (ಹಿಂದಿನ ಮೋಟಾರ್) ಓಡುತ್ತಿದ್ದು ಕೂಲಿಂಗ್ ಇಲ್ಲ ಅಂದರೆ ಮತ್ತೇನಿರುತ್ತದೆ? ಮೊದಲು ಲೀಕ್ ಹುಡುಕಿ ವೆಲ್ಡಿಂಗ್ ಮಾಡಿಸಿ, ವ್ಯಾಕ್ಯೂಮ್ ಎಳೆಸಿ (ಪೈಪಿನೊಳಗಿನ ಗಾಳಿ ತೆಗೆಸಿ), ಆಮೇಲೆ ಗ್ಯಾಸ್ ಹಾಕಿಸಿ. ಸುಮ್ನೆ ಮೇಲಿಂದ ತುಂಬಿಸಿದರೆ ಮತ್ತೆ ಅದೇ ಕತೆ.

ಟಿಳಕವಾಡಿ ಮೀಟರ್ (ಬೆಳಗಾವಿ):
ಕಂಪ್ರೆಸರ್ ಓಡುತ್ತಿದೆ ಅಂತ ಅವರು ಎಲ್ಲಿ ಬರೆದಿದ್ದಾರೆ? ಗುಮ್ಮಟದೂರು ಸರ್, ಸಿಂಗಲ್ ಡೋರೋ ಡಬಲ್ ಡೋರೋ? ಹಿಂದೆ ಕೈ ಇಟ್ಟರೆ ಮೋಟಾರ್ ಗುಂಯ್ ಅನ್ನುತ್ತದೆಯೋ, ಟಕ್ ಅಂತ ಸದ್ದಾಗಿ ನಿಲ್ಲುತ್ತದೆಯೋ? ಒಳಗೆ ಫ್ಯಾನ್ ತಿರುಗುತ್ತದೆಯೋ?

ಮುಧೋಳ ಕಾಕಾ:
ವೋಲ್ಟೇಜ್ ನೋಡ್ರೀ ಮೊದಲು. ಸಂಜೆ ಓಣಿಯಲ್ಲಿ ಬೋರ್ ಚಾಲೂ ಆದರೆ ನಮ್ಮಲ್ಲಿ 170ಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಕಂಪ್ರೆಸರ್ ಎದ್ದೇಳುವುದಿಲ್ಲ, ಅದನ್ನು ಕಾಯುವ ಓವರ್‌ಲೋಡ್ ಸ್ವಿಚ್ ಟ್ರಿಪ್ ಆಗುತ್ತದೆ. ಸ್ಟೆಬಿಲೈಜರ್ ಇದೆಯಾ?

ಗುಮ್ಮಟದೂರು:
ಡಬಲ್ ಡೋರ್, ಹಳೇದು. ಅದು ಗೊತ್ತಾಗುತ್ತದೆ ಅಂದುಕೊಂಡಿದ್ದೆ. ಮೋಟಾರ್ ಹಗಲು ರಾತ್ರಿ ಓಡುತ್ತದೆ, ನಿಲ್ಲುವುದೇ ಇಲ್ಲ. ಸ್ಟೆಬಿಲೈಜರ್ ಇಲ್ಲ, ಬೇಕಿಲ್ಲ ಅಂತ ಡಬ್ಬದ ಮೇಲೇ ಬರೆದಿತ್ತು.

ಮುಧೋಳ ಕಾಕಾ:
ಡಬ್ಬದ ಮೇಲೆ ಬರೆದವರು ನಮ್ಮ ಓಣಿಯ ಲೈನ್ ನೋಡಿಲ್ಲ.

ನವನಗರ ವೈರಿಂಗ್:
ನಿಲ್ಲದೆ ಓಡುತ್ತಿದೆ. ನಾನು ಹೇಳಿದ್ದೇ ಬಂತು ನೋಡಿ. ಗ್ಯಾಸ್.

ಟಿಳಕವಾಡಿ ಮೀಟರ್:
ಇವರದು ಹಳೇದು, ಸರಿ. ಆದರೆ ಓದುವ ಬೇರೆಯವರಿಗೂ ಹೇಳಿಬಿಡುತ್ತೇನೆ. ಈಗಿನ ಫ್ರಿಜ್‌ಗಳಲ್ಲಿ ಹೆಚ್ಚಾಗಿ ಆರ್-600ಎ ಇರುತ್ತದೆ, ಅದು ಉರಿಯುವ ಗ್ಯಾಸ್. ಅಡುಗೆಮನೆಯಲ್ಲಿ ಟಾರ್ಚ್ ಹಚ್ಚಿ ಪೈಪಿಗೆ ವೆಲ್ಡಿಂಗ್ ಮಾಡಬೇಡಿ. ಕಂಪ್ರೆಸರ್ ಮೇಲಿನ ಸ್ಟಿಕ್ಕರ್‌ನಲ್ಲಿ ಯಾವ ಗ್ಯಾಸ್ ಅಂತ ಬರೆದಿರುತ್ತದೆ, ಓದಿ.

ನವನಗರ ವೈರಿಂಗ್:
ನಾನು ಅಡುಗೆಮನೆಯಲ್ಲಿ ಅಂತ ಎಲ್ಲಿ ಹೇಳಿದೆ? ಇಷ್ಟು ವರ್ಷ ಈ ಕೆಲಸ ಮಾಡಿದವನಿಗೆ ಪಾಠ ಬೇಡ ಸರ್.

ಗುಮ್ಮಟದೂರು:
ಜಗಳ ಆಮೇಲೆ ಮಾಡ್ರೀ. ಇನ್ನೊಂದು ಮಾತು. ಮೊದಲು ಕೆಟ್ಟಿದ್ದು ಕೆಳಗಿನ ಭಾಗ, ಆಗಿನ್ನೂ ಮೇಲೆ ಐಸ್ ಆಗುತ್ತಿತ್ತು. ನಡುವೆ ಜಾತ್ರೆಗೆ ಊರಿಗೆ ಹೋಗುವಾಗ ಆಫ್ ಮಾಡಿ ಬಾಗಿಲು ತೆಗೆದಿಟ್ಟು ಹೋಗಿದ್ದೆವು. ಬಂದ ಮೇಲೆ ಒಂದು ವಾರ ಹೊಸದರ ಹಾಗೆ ನಡೆಯಿತು. ಈಗ ಮತ್ತೆ ಹಿಂಗೆ.

ಟಿಳಕವಾಡಿ ಮೀಟರ್:
ಇದನ್ನು ಮೊದಲೇ ಹೇಳಬಾರದಾ ಸರ್! ಊರಿಗೆ ಹೋಗಿ ಬಂದರೆ ಲೀಕ್ ಆದ ಗ್ಯಾಸ್ ವಾಪಸ್ ಬರುತ್ತದೆಯಾ? ಇದು ಡಿಫ್ರಾಸ್ಟ್ ತೊಂದರೆ. ಫ್ರೀಜರ್ ಹಿಂಬದಿಯ ಪ್ಲಾಸ್ಟಿಕ್ ಪ್ಯಾನೆಲ್ ಹಿಂದೆ ಕಾಯಿಲ್ ಇದೆ, ಅಂದರೆ ತಣ್ಣಗಾಗುವ ಪೈಪಿನ ಸುತ್ತುಗಳು. ಅದರ ಮೇಲೆ ಕಟ್ಟುವ ಹಿಮವನ್ನು ಒಂದು ಹೀಟರ್ ಆಗಾಗ ಕರಗಿಸಬೇಕು. ಹೀಟರ್ ಕೆಲಸ ಮಾಡದಿದ್ದರೆ ಕಾಯಿಲ್ ಪೂರ್ತಿ ಮಂಜುಗಡ್ಡೆಯಾಗಿ ಗಾಳಿ ದಾಟುವುದಿಲ್ಲ. ಕೆಳಗೆ ತಣ್ಣನೆ ಗಾಳಿ ಹೋಗುವುದು ಮೊದಲು ನಿಲ್ಲುತ್ತದೆ, ಆಮೇಲೆ ಮೇಲೂ ಅಷ್ಟೇ. ಬಾಗಿಲು ತೆಗೆದಿಟ್ಟಿರಲ್ಲ, ಆಗ ಎಲ್ಲ ಕರಗಿತು. ಅದಕ್ಕೇ ಒಂದು ವಾರ ಚೆನ್ನಾಗಿ ನಡೆದಿದ್ದು.

ಪ್ಲಗ್ ಕಿತ್ತು ಪ್ಯಾನೆಲ್ ಬಿಚ್ಚಿ ನೋಡಿ. ಕಾಯಿಲ್ ತುಂಬ ಒಂದೇ ಸಮ ಹಿಮ ಇದ್ದರೆ ಡಿಫ್ರಾಸ್ಟ್. ಗ್ಯಾಸ್ ಕಡಿಮೆ ಇದ್ದರೆ ಶುರುವಿನ ಒಂದೆರಡು ಸುತ್ತಿಗೆ ಮಾತ್ರ ಹಿಮ ಇರುತ್ತದೆ, ಉಳಿದದ್ದು ಖಾಲಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ. ಅಲ್ಯೂಮಿನಿಯಂ ಪೈಪ್ ತೂತಾದರೆ ಆಗ ನಿಜವಾಗಿಯೂ ಗ್ಯಾಸ್ ಹೋಗುತ್ತದೆ, ನವನಗರದವರಿಗೂ ಖುಷಿ.

ಅಮೀನಗಡ ಸೋಲಾರ್:
ನಮ್ಮ ಮನೆಯಲ್ಲಿ 3 ಕಿಲೋವ್ಯಾಟ್ ಸೋಲಾರ್, ಎರಡು ಟ್ಯೂಬುಲರ್ ಬ್ಯಾಟರಿ, 300 ಲೀಟರ್ ಡೀಪ್ ಫ್ರೀಜರ್. ಹಗಲಿಡೀ ಮೈನಸ್ 18ರಲ್ಲೇ ನಿಂತಿರುತ್ತದೆ. ಕರೆಂಟ್ ಹೋದದ್ದು ಗೊತ್ತೇ ಆಗುವುದಿಲ್ಲ.

ಮುಧೋಳ ಕಾಕಾ:
ಅದರಲ್ಲಿ ಏನು ಇಡುತ್ತೀರಿ, ಕರದಂಟಾ? ಅದಕ್ಕೆ ಫ್ರಿಜ್ಜೇ ಬೇಡ.

ಅಮೀನಗಡ ಸೋಲಾರ್:
ಖೋವಾ ಇಡುತ್ತೇವೆ ಕಾಕಾ. ಬೆಳಗಾವಿಗೆ ಹೋಗುತ್ತದೆ, ಕುಂದಾಕ್ಕೆ. ಬ್ಯಾಟರಿ ಫೋಟೋ ಹಾಕಲಾ?

ಗುಮ್ಮಟದೂರು:
ಪ್ಯಾನೆಲ್ ಬಿಚ್ಚಿದೆ. ಕಾಯಿಲ್ ಕಾಣುವುದೇ ಇಲ್ಲ, ಬರೀ ಬಿಳಿ ಗೋಡೆ. ಬಾಗಿಲು ತೆಗೆದಿಟ್ಟಿದ್ದೇನೆ, ಕರಗುತ್ತಿದೆ. ಕೆಳಗೆ ಪರಾತ ಇಟ್ಟಿದ್ದೇವೆ. ಮುಂದೆ ಯಾವುದನ್ನು ಬದಲಿಸಲಿ?

ಟಿಳಕವಾಡಿ ಮೀಟರ್:
ಚೆಕ್ ಮಾಡದೆ ಏನೂ ಕೊಳ್ಳಬೇಡಿ. ಹಳೇ ಮಾಡೆಲ್ ಅಂದರೆ ಹೀಟರನ್ನು ಆಗಾಗ ಚಾಲೂ ಮಾಡುವ ಟೈಮರ್ ಇರುತ್ತದೆ. ಅದರ ತಿರುಗುವ ಗುಂಡಿಯನ್ನು ಟಕ್ ಅನ್ನುವವರೆಗೆ ನಿಧಾನ ತಿರುಗಿಸಿ. ಕಂಪ್ರೆಸರ್ ನಿಂತು ಹೀಟರ್ ಬಿಸಿಯಾದರೆ ಟೈಮರ್ ಸತ್ತಿದೆ. ಬಿಸಿಯಾಗದಿದ್ದರೆ ಹೀಟರ್, ಬೈಮೆಟಲ್ (ತಣ್ಣಗಿದ್ದಾಗ ಮಾತ್ರ ಹೀಟರ್‌ಗೆ ಕರೆಂಟ್ ಬಿಡುವ ಸ್ವಿಚ್), ಥರ್ಮಲ್ ಫ್ಯೂಸ್ (ಬಿಸಿ ಅತಿಯಾದರೆ ಕಡಿಯುವ ಫ್ಯೂಸ್) ಮೂರರಲ್ಲಿ ಒಂದು. ಈ ಪರೀಕ್ಷೆ ಫ್ರೀಜರ್ ಮತ್ತೆ ತಣ್ಣಗಾದ ಮೇಲೆಯೇ ಮಾಡಬೇಕು, ಬೆಚ್ಚಗಿದ್ದಾಗ ಬೈಮೆಟಲ್ ತೆರೆದೇ ಇರುತ್ತದೆ. ಆಮೇಲೆ ಪ್ಲಗ್ ಕಿತ್ತು ಮಲ್ಟಿಮೀಟರ್ ಹಿಡಿಯಿರಿ. ಹೀಟರ್ ಕೆಲವು ನೂರು ಓಮ್ ತೋರಿಸಬೇಕು, ಫ್ಯೂಸ್ ಹತ್ತಿರ ಹತ್ತಿರ ಸೊನ್ನೆ. ಮೀಟರ್ ಇದೆಯಾ?

ಗುಮ್ಮಟದೂರು:
ಇಲ್ಲ. ಪಕ್ಕದ ಮನೆಯವರ ಹತ್ತಿರ ಟೆಸ್ಟರ್ ಇದೆ.

ಟಿಳಕವಾಡಿ ಮೀಟರ್:
ಟೆಸ್ಟರ್‌ನಿಂದ ಇದು ಆಗುವುದಿಲ್ಲ ಸರ್.

ನವನಗರ ವೈರಿಂಗ್:
ಡಿಫ್ರಾಸ್ಟ್ ಸರಿ ಮಾಡಿದ ಮೇಲೆ ಒಮ್ಮೆ ಗ್ಯಾಸೂ ಚೆಕ್ ಮಾಡಿಸಿ.

ಇಂಡಿ ನಿಂಬೆ:
ನಂದೂ ಇದೇ ತೊಂದರೆ. ಸಿಂಗಲ್ ಡೋರ್. ಹೀಟರ್ ಎಲ್ಲಿರುತ್ತದೆ?

ಟಿಳಕವಾಡಿ ಮೀಟರ್:
ಸಿಂಗಲ್ ಡೋರ್‌ನಲ್ಲಿ ಸಾಮಾನ್ಯವಾಗಿ ಹೀಟರೂ ಇರುವುದಿಲ್ಲ, ಫ್ಯಾನೂ ಇರುವುದಿಲ್ಲ. ನಾಬ್ ನಡುವೆ ಬಟನ್ ಇದ್ದರೆ ಒತ್ತಿ, ಹಿಮ ಕರಗಲಿ. ಆಮೇಲೂ ಕೂಲ್ ಆಗದಿದ್ದರೆ ಬೇರೆ ಪೋಸ್ಟ್ ಹಾಕಿ. ಮಾಡೆಲ್ ಮೊದಲ ಸಾಲಿನಲ್ಲೇ ಬರೆಯಿರಿ.