ಬ್ರಿಟನ್ ಫೌಂಡೇಶನ್ (ಹೊಸ ವೈದ್ಯರ ಎರಡು ವರ್ಷದ ತರಬೇತಿ): ಎಫ್1ನಲ್ಲಿ (ಮೊದಲ ವರ್ಷ) ಅರೆಕಾಲಿಕ ತರಬೇತಿ, ಬೇರೆ ಊರಿಗೆ ವರ್ಗಾವಣೆ

ಪ್ರಶ್ನೆ: ಆಗಸ್ಟ್‌ನಲ್ಲಿ ಎಫ್1 ಶುರು. ಮನೆಯಲ್ಲಿ ಚಿಕ್ಕ ಮಗು. ಪೂರ್ಣಾವಧಿಯ 60% ಕೆಲಸಕ್ಕೆ ಅರ್ಜಿ ಹಾಕಿದರೆ ಎಫ್1 ಮುಗಿಸಲು ಎಷ್ಟು ತಿಂಗಳು ಹಿಡಿಯುತ್ತದೆ? ಎಫ್2ಗೆ (ಎರಡನೇ ವರ್ಷ) ಬೇರೆ ಫೌಂಡೇಶನ್ ಸ್ಕೂಲಿಗೆ (ಒಂದು ಪ್ರದೇಶದಲ್ಲಿ ಈ ತರಬೇತಿ ನಡೆಸುವ ಸಂಸ್ಥೆ) ಹೋಗಬಹುದೇ?

ಉತ್ತರ 1: ಹನ್ನೆರಡು ತಿಂಗಳ ಎಫ್1, 80%ಗೆ 15 ತಿಂಗಳು, 60%ಗೆ 20, 50%ಗೆ 24 ಆಗುತ್ತದೆ. ಬ್ರಿಟನ್ ವೈದ್ಯರ ನೋಂದಣಿ ಮಂಡಳಿ ಜಿಎಂಸಿ ಎಫ್1 ವೈದ್ಯರಿಗೆ ಕೊಡುವ ತಾತ್ಕಾಲಿಕ ನೋಂದಣಿಗೆ ಒಟ್ಟು 3 ವರ್ಷ 30 ದಿನದ ಮಿತಿ ಇದೆ, ಎಡವುವುದು ಇಲ್ಲೇ. 50%ನಲ್ಲಿ ಇದ್ದು ನಡುವೆ ಒಂದು ವರ್ಷ ಹೆರಿಗೆ ರಜೆ ತಗೊಂಡರೆ 36 ತಿಂಗಳು ಮುಗಿದೇ ಹೋಯಿತು, ಉಳಿಯುವುದು ಬರೀ 30 ದಿನ. ದಯವಿಟ್ಟು ಕ್ಯಾಲೆಂಡರ್ ಮುಂದಿಟ್ಟುಕೊಂಡು ಲೆಕ್ಕ ಹಾಕಿ, ಆಮೇಲೆ ಶೇಕಡಾವಾರು ಆರಿಸಿ. ಅರ್ಜಿಯನ್ನು ಅರೆಕಾಲಿಕ ಕೆಲಸ ಶುರುವಾಗುವ ಕನಿಷ್ಠ 16 ವಾರ ಮೊದಲೇ ಕೊಡಿ; ತಡವಾದರೆ ರೋಟಾ (ಪಾಳಿ ಪಟ್ಟಿ) ಸಿದ್ಧವಾಗಿಬಿಟ್ಟಿರುತ್ತದೆ.

ಉತ್ತರ 2: ವೀಸಾದಲ್ಲಿ ಇದ್ದೀರಾ? ಸಂಬಳ ಕಡಿಮೆಯಾದರೆ ನಿಮ್ಮ ವೀಸಾದ ಪ್ರಾಯೋಜಕರು (ಸ್ಪಾನ್ಸರ್) ಹೋಮ್ ಆಫೀಸಿಗೆ (ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆ) ತಿಳಿಸಲೇಬೇಕು, ವೀಸಾದ ಕನಿಷ್ಠ ಸಂಬಳಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಎಚ್‌ಆರ್‌ನಿಂದ ಇದನ್ನು ಬರಹದಲ್ಲೇ ಪಡೆದುಕೊಳ್ಳಿ.

ಉತ್ತರ 3: ವರ್ಗಾವಣೆ ಬೇರೆಯೇ ಅರ್ಜಿ, ಎಫ್1 ನಡೆಯುವಾಗಲೇ ಹಾಕಬೇಕು. "ಊರು ದೂರ" ಅಂದರೆ ಸಾಲದು. ಫೌಂಡೇಶನ್ ತರಬೇತಿಗೆ ಮೊದಲು ಅರ್ಜಿ ಹಾಕಿದ ಮೇಲೆ ಪರಿಸ್ಥಿತಿ ಬದಲಾಗಿರಬೇಕು: ಮಗುವಿನ ಅಥವಾ ಕಾಯಿಲೆಯವರ ಮುಖ್ಯ ಆರೈಕೆ ನಿಮ್ಮ ಮೇಲೆ ಬಿದ್ದದ್ದು, ಅಥವಾ ನಿಮ್ಮದೇ ಕಾಯಿಲೆಗೆ ಅಲ್ಲೇ ಚಿಕಿತ್ಸೆ ಬೇಕಾದದ್ದು. ಮಗುವಿನ ಜನನ ಪ್ರಮಾಣಪತ್ರ, ವೈದ್ಯರ ಪತ್ರ ಈಗಲೇ ಜೋಡಿಸಿಡಿ. ಅರ್ಹತೆ ಒಪ್ಪಿದರೂ ಆ ಸ್ಕೂಲಿನಲ್ಲಿ ಖಾಲಿ ಜಾಗ ಇರಲೇಬೇಕು, ಹಾಗಾಗಿ ಮನೆ ಬಾಡಿಗೆ ಕರಾರಿಗೆ ಮೊದಲೇ ಸಹಿ ಹಾಕಬೇಡಿ.