ಅಂಗಡಿ ಖುಲ್ಲಾ ದಾವೆಯಲ್ಲಿ ನಷ್ಟಭರ್ತಿ ಮೊತ್ತ ಹೆಚ್ಚಿಸೋದು ಹೆಂಗ್ರೀ?

ಕೊಪ್ಪಿಕರ್‌ರೋಡ್:
ಹುಬ್ಬಳ್ಳಿ ಮಳಿಗೆ, 420 ಚದರಡಿ, ಬಾಡಿಗೆ ತಿಂಗಳಿಗೆ 18,000. ಟಿ.ಪಿ. ಆಕ್ಟ್ (ಆಸ್ತಿ ವರ್ಗಾವಣೆ ಕಾಯ್ದೆ) 106ರ ಬಾಡಿಗೆ ಮುಗಿಸೋ ನೋಟಿಸ್ ಕೊಟ್ಟು, ಬಾಡಿಗೆ ಕರಾರು ಮುಗಿದ ನಾಲ್ಕು ತಿಂಗಳಿಗೆ ದಾವೆ ಹೂಡಿದ್ದಾಗಿದೆ. ಕಟ್ಟಡದ ನಷ್ಟ ಅಂತ 1,50,000 ಕೇಳಿದ್ದು. ದಾವೆ ನಡೆದಾಗಲೇ ಬಾಡಿಗೆದಾರರು ಅಟ್ಟಕ್ಕಾಗಿ ಹಿಂದಿನ ಗೋಡೆ ಕೊರೆದು ಕಬ್ಬಿಣದ ಆಂಗಲ್ ಕೂಡಿಸಿದ್ದಾರೆ, ಬೀಮಿಗೂ ಪೆಟ್ಟು ಬಿದ್ದಿದೆ. ಈಗಿನ ಅಂದಾಜು 4,10,000. ಅಕ್ಕಪಕ್ಕದ ಬಾಡಿಗೆ 26,000 ಇದೆ. ಇಷ್ಯೂ ಫ್ರೇಮ್ (ಕೋರ್ಟು ತೀರ್ಮಾನಿಸಬೇಕಾದ ವಿವಾದಾಂಶಗಳ ಪಟ್ಟಿ) ಆಗಿದೆ, ಸಾಕ್ಷಿ ಶುರುವಾಗಿಲ್ಲ. ವಾದಪತ್ರದ ತಿದ್ದುಪಡಿಗೆ ಅವಕಾಶ ಉಂಟಾ?

ಕರಿಕೋಟು:
ಉಂಟು, ಆದರೆ ತಡಮಾಡಬೇಡ್ರಿ. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 6 ರೂಲ್ 17ರ ಕೆಳಗೆ ಐ.ಎ. (ಮಧ್ಯಂತರ ಅರ್ಜಿ) ಹಾಕಬೇಕು. 2002ರಿಂದ ಅದಕ್ಕೊಂದು ಪರಂತುಕ (ಷರತ್ತು) ಇದೆ: ವಿಚಾರಣೆ ಶುರುವಾದ ಮೇಲೆ, ತಕ್ಕ ಎಚ್ಚರ ವಹಿಸಿದರೂ ಮೊದಲೇ ತರಲು ಆಗಲಿಲ್ಲ ಅಂತ ತೋರಿಸಬೇಕಾಗ್ತದೆ. ವಾದಿಯ ಮುಖ್ಯ ವಿಚಾರಣೆಯ ಪ್ರಮಾಣಪತ್ರ ಹಾಕಿದರೆ ವಿಚಾರಣೆ ಶುರುವಾದಂತೆ ಅಂತ ಸುಪ್ರೀಂ ಕೋರ್ಟ್ ಹಿಂದೆಯೇ ಹೇಳಿದೆ. ಹಾಗಾಗಿ ಆ ಪ್ರಮಾಣಪತ್ರಕ್ಕಿಂತ ಮೊದಲು ಐ.ಎ. ಹೋಗಲಿ.

ಎರಡು ಬಾಬ್ತು ಒಂದರೊಳಗೊಂದು ಕಲಸಬೇಡ್ರಿ. ಗೋಡೆ, ಬೀಮು ಕೆಡಿಸಿದ್ದು ಟಿ.ಪಿ. ಆಕ್ಟ್ 108ರ ಎಂ, ಒ ಉಪಖಂಡಗಳ ಕೆಳಗಿನ ನಷ್ಟ. ಸಹಜ ಸವೆತ ಅದರಲ್ಲಿ ಸೇರೋದಿಲ್ಲ, ಬಣ್ಣ ಮಾಸಿದ್ದಕ್ಕೆ ರೊಕ್ಕ ಕೇಳಿದರೆ ಉಳಿದ ಲೆಕ್ಕದ ಮೇಲೂ ಸಂಶಯ ಬರ್ತದೆ. ಕರಾರು ಮುಗಿದ ಮೇಲೂ ಕೂತದ್ದಕ್ಕೆ ಕೇಳೋದು ಮೀನ್ ಪ್ರಾಫಿಟ್ (mesne profits), ಅದು ಬೇರೆ. ದಾವೆಗೆ ಮೊದಲಿನ ನಾಲ್ಕು ತಿಂಗಳಿಗೆ 26,000ದಂತೆ 1,04,000 ಹಚ್ಚಿ, ಕೋರ್ಟ್ ಫೀ ಕಟ್ಟಿರಿ. ದಾವೆ ನಂತರದ್ದಕ್ಕೆ ಈಗ ಮೊತ್ತ ಬೇಡ, ಆರ್ಡರ್ 20 ರೂಲ್ 12ರಂತೆ ವಿಚಾರಣೆ ಮಾಡಿ ಗೊತ್ತುಪಡಿಸಬೇಕು ಅಂತ ಪ್ರಾರ್ಥನೆ ಸಾಕು.

ಕೋರ್ಟ್‌ಗುಮಾಸ್ತ:
ಮೇಲಿನವರು ಹೇಳಿದ್ದು ಸರಿ. ಆದರೆ ಅರ್ಜಿ ಬೀಳೋದು ಹೆಚ್ಚಾಗಿ ಬರವಣಿಗೆಯಲ್ಲಿ. ಪ್ರಾರ್ಥನೆಯಲ್ಲಿ 1,50,000 ಹೊಡೆದು 4,10,000 ಬರೆದರೆ ಮುಗೀತು ಅಂದುಕೊಳ್ಳಬೇಡಿ. ಯಾವ ಪ್ಯಾರಾದ ನಂತರ ಯಾವ ವಾಕ್ಯ ಸೇರಬೇಕು ಅಂತ ಐ.ಎ.ದಲ್ಲೇ ಇರಬೇಕು: ಗೋಡೆ ಒಡೆದ ದಿನಾಂಕ, ಹಾನಿಯ ವಿವರ ಒಂದು ಹೊಸ ಪ್ಯಾರಾ, ದಾವೆಯ ಕಾರಣದ ಪ್ಯಾರಾ, ಮೌಲ್ಯಮಾಪನದ ಪ್ಯಾರಾ, ಆಮೇಲೆ ಪ್ರಾರ್ಥನೆ. ವ್ಯಾಲ್ಯುಯೇಷನ್ ಸ್ಲಿಪ್ಪನ್ನೂ (ದಾವೆಯ ಮೌಲ್ಯ, ಕೋರ್ಟ್ ಫೀ ತೋರಿಸೋ ಚೀಟಿ) ಬದಲಿಸಿ. ಬಾಡಿಗೆದಾರರ ಡಿಪಾಜಿಟ್ ಇದ್ದು ಅದನ್ನು ಕಳೆದು ತೋರಿಸದಿದ್ದರೆ ಕೈಫಿಯತ್ತಿನಲ್ಲಿ (ಅವರ ಲಿಖಿತ ಉತ್ತರದಲ್ಲಿ) ಅದನ್ನೇ ಎತ್ತುತ್ತಾರೆ.

ಆದೇಶ ಆದ ಮೇಲೆ ಮೈಮರೆಯಬೇಡಿ. ಕೋರ್ಟು ದಿನ ಗೊತ್ತುಮಾಡದಿದ್ದರೆ, ರೂಲ್ 18ರಂತೆ 14 ದಿನದೊಳಗೆ ತಿದ್ದಿದ ವಾದಪತ್ರ ಹಾಕಬೇಕು. ತಪ್ಪಿದರೆ ಸಮಯ ಹೆಚ್ಚಿಸಲು ಮತ್ತೊಂದು ಅರ್ಜಿ. ಮೊತ್ತ ಹೆಚ್ಚಾಗಿ ಸಿವಿಲ್ ಜಡ್ಜ್ ಕೋರ್ಟಿನ ಹಣಕಾಸಿನ ಮಿತಿ ದಾಟಿದರೆ ವಾದಪತ್ರ ವಾಪಸ್ ಬರ್ತದೆ, ಮೊದಲೇ ಕೂಡಿಸಿ ನೋಡಿ. ಕೇಸು ವಾಣಿಜ್ಯ ನ್ಯಾಯಾಲಯದಲ್ಲಿದ್ದರೆ ತಿದ್ದುಪಡಿಗೂ ಸತ್ಯತಾ ಹೇಳಿಕೆ (ಬರೆದದ್ದೆಲ್ಲ ನಿಜ ಅನ್ನೋ ಘೋಷಣೆ) ಲಗತ್ತಿಸಬೇಕು.

ಸೈಟ್‌ಎಂಜಿನಿಯರ್:
4,10,000 ಅಂತ ಒಂದೇ ಸಾಲಿನ ಕೊಟೇಶನ್ ನಿಲ್ಲೋದಿಲ್ಲ. ಗೋಡೆ ಎಷ್ಟು ಚದರ ಮೀಟರ್, ಪ್ಲಾಸ್ಟರ್ ಎಷ್ಟು, ಬೀಮಿನ ಕಾಂಕ್ರೀಟ್ ಎಷ್ಟು ಆಳ ಚಿಪ್ಪಾಗಿದೆ, ರಾಡು ಬಯಲಾಗಿದೆಯೋ ಇಲ್ಲವೋ, ಇವೆಲ್ಲ ಅಳತೆ ಸಮೇತ ಲೋಕೋಪಯೋಗಿ ಇಲಾಖೆಯ ನಿಗದಿತ ದರಪಟ್ಟಿ, ಅಂದರೆ ಎಸ್‌ಆರ್ ದರಕ್ಕೆ ಹಚ್ಚಿರಿ. ಬಾಡಿಗೆದಾರರು ಒಳಗೇ ಇರೋದರಿಂದ ಆರ್ಡರ್ 26 ರೂಲ್ 9ರಲ್ಲಿ ಸ್ಥಳ ನೋಡಿ ವರದಿ ಕೊಡೋ ಕೋರ್ಟ್ ಕಮಿಷನರ್ ಕೇಳೋದು ಲೇಸು. ನಾಳೆ ಗಿಲಾವು ಮಾಡಿ ಬಣ್ಣ ಬಳಿದರೆ ಬೀಮಿನ ಬಿರುಕು ಯಾರಿಗೂ ಕಾಣೋದಿಲ್ಲ.

ಕೊಪ್ಪಿಕರ್‌ರೋಡ್:
ಧನ್ಯವಾದ್ರೀ. ಇನ್ನೊಂದು: ಬಾಡಿಗೆದಾರರು ಪ್ರತಿ ತಿಂಗಳು ಫೋನ್‌ಪೇದಲ್ಲಿ 18,000 'ರೆಂಟ್' ಅಂತ ಬರೆದು ಹಾಕ್ತಿದ್ದಾರೆ.

ಕರಿಕೋಟು:
ಅದನ್ನು ಸುಮ್ಮನೆ ತಗೊಂಡರೆ ನೋಟಿಸ್ ಬಿಟ್ಟುಕೊಟ್ಟರು ಅಂತ ಟಿ.ಪಿ. ಆಕ್ಟ್ 113 ಎತ್ತುತ್ತಾರೆ. 'ಬಾಡಿಗೆ ಅಲ್ಲ, ಅನಧಿಕೃತ ಸ್ವಾಧೀನದ ನಷ್ಟಭರ್ತಿ ಬಾಬ್ತು, ನಮ್ಮ ಹಕ್ಕಿಗೆ ಬಾಧೆಯಿಲ್ಲದೆ ಜಮಾ' ಅಂತ ಪ್ರತಿ ಸಲ ಲಿಖಿತ ಉತ್ತರ ಕೊಟ್ಟು ನಕಲು ಇಟ್ಟುಕೊಳ್ಳಿ. ಮೀನ್ ಪ್ರಾಫಿಟ್ ಲೆಕ್ಕದಲ್ಲಿ ಆ ರೊಕ್ಕ ವಜಾ ಹಾಕಲೇಬೇಕು.

'ಕರ್ನಾಟಕ ರೆಂಟ್ ಆಕ್ಟ್ ಬರ್ತದೆ' ಅನ್ನೋ ತಕರಾರಿಗೆ ಹೆದರಬೇಡಿ. 14 ಚದರ ಮೀಟರ್ ಮೀರಿದ ವಾಣಿಜ್ಯ ಜಾಗಕ್ಕೆ 1999ರ ಆ ಕಾಯ್ದೆ ಇಲ್ಲ, ನಿಮ್ಮದು ಸುಮಾರು 39. ತಿದ್ದುಪಡಿ ಅರ್ಜಿ ತಿರಸ್ಕಾರ ಆದರೆ ಸಂವಿಧಾನದ 227ನೇ ವಿಧಿಯಡಿ ಧಾರವಾಡ ಹೈಕೋರ್ಟ್ ಪೀಠಕ್ಕೆ ಹೋಗಬಹುದು.