ಸಹಾಯ ಬೇಕು: ಅಪ್ಪನ ರೆಕಾರ್ಡ್ 1974ರದ್ದೋ, 1980ರದ್ದೋ?

ಹಳೇ ಸೋಲ್ (ಅಮೆರಿಕದ ಕಪ್ಪು ಜನರ ಸಂಗೀತ ಶೈಲಿ) ಹಾಡು, ರೆಕಾರ್ಡ್ ಬಗ್ಗೆ ಗೊತ್ತಿರೋರು ದಯವಿಟ್ಟು ಸ್ವಲ್ಪ ನೋಡಿ.

ನಾನು ಬೆಳೆದಿದ್ದು ಲಂಡನ್ನಲ್ಲಿ. 1980ರಲ್ಲಿ ನನಗೆ ಒಂಬತ್ತು ವರ್ಷ. ಅಮೆರಿಕದ ಗಾಯಕ ವಿಲಿಯಂ ಡಿವಾನ್ ಹಾಡಿದ ‘ಬಿ ಥ್ಯಾಂಕ್‌ಫುಲ್ ಫಾರ್ ವಾಟ್ ಯು ಗಾಟ್’ ರೆಕಾರ್ಡನ್ನ ಅಪ್ಪ ದಿನಾ ರಾತ್ರಿ ಹಾಕೋರು. ಬ್ರಿಟನ್ನಲ್ಲಿ ಅದೇನು ದೊಡ್ಡ ಹಿಟ್ ಅಲ್ಲ. 1974ರಲ್ಲಿ ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 31ನೇ ಸ್ಥಾನ. 1980ರಲ್ಲಿ ಡಿವಾನ್ ಅವರೇ ಹೊಸದಾಗಿ ಹಾಡಿದ್ದು 44ಕ್ಕೇ ನಿಂತಿತು. ಆಗ ಭಾನುವಾರದ ರೇಡಿಯೋದಲ್ಲಿ ಪಟ್ಟಿಯ ಮೊದಲ 40 ಹಾಡು ಮಾತ್ರ ಬರ್ತಿದ್ದವು, ಹಾಗಾಗಿ ನಮಗೆ ಆ ರೆಕಾರ್ಡೇ ಗತಿ.

ಅಪ್ಪ ಹೋದ ವರ್ಷ ತೀರಿಕೊಂಡರು. ಅವರ ಪೆಟ್ಟಿಗೆಯಲ್ಲಿ ಆ ಏಳಿಂಚಿನ ರೆಕಾರ್ಡ್ ಸಿಕ್ಕಿತು. ನಡುವಿನ ಲೇಬಲ್ ನೀರು ಕುಡಿದು ಕಿತ್ತುಬಂದಿದೆ, ಒಂದಕ್ಷರವೂ ಉಳಿದಿಲ್ಲ. ಪ್ಲೇಯರ್‌ಗೆ ಹಾಕಿದರೆ ಕಾಂಗಾ (ಕೈಯಲ್ಲಿ ಬಾರಿಸೋ ಉದ್ದನೆ ಡ್ರಮ್) ಬಡಿತ ಶುರುವಾಗಿ, ಡಿವಾನ್ ಬಾಯಿ ತೆರೆಯೋಷ್ಟರಲ್ಲಿ ಮುಳ್ಳು ಜಾರುತ್ತೆ. ಮೊಬೈಲಲ್ಲಿ ಹುಡುಕಿದೆ, ಒಂದೇ ಹೆಸರಲ್ಲಿ ಹಲವು ಬರ್ತವೆ. ನನ್ನ ಕಿವಿಗೆ ವ್ಯತ್ಯಾಸ ಹಿಡಿಯೋಕೆ ಆಗ್ತಿಲ್ಲ. ಲೇಬಲ್ ಪಕ್ಕದ ನುಣುಪು ಜಾಗದಲ್ಲಿ ಸಣ್ಣದಾಗಿ ಏನೋ ಕೆತ್ತಿದೆ, ಭೂತಗನ್ನಡಿಯಲ್ಲಿ ಕಾಣುತ್ತೆ.

ಆ ಕೆತ್ತನೆಯಿಂದ ಯಾವ ವರ್ಷದ್ದು ಅಂತ ಪತ್ತೆ ಮಾಡೋದು ಹೇಗೆ? ಇಲ್ಲಾ, ಮೊದಲ ಅರ್ಧ ನಿಮಿಷ ಕೇಳಿಯೇ ಎರಡನ್ನೂ ಬೇರೆ ಮಾಡಬಹುದಾ?